ಶಾಕಪ್ಪಿಗೆ ಇಟ್ಟ ಕುಂಕುಮ

ಹಿತ್ತಿಲ ಕಟ್ಟೆಯ ಮೇಲೆ ಕೂತು ಬಸಳೆ ದಂಟು ಮುರಿಯುತ್ತಿದ್ದೆ. ಕುಮಟಾದ ಆಸ್ಪತ್ರೆಯಿಂದ ನಾದಿನಿಯ ಫೋನ್ ಬಂತು. ಸೊಂಟದ ಮೂಳೆ ಮುರಿದು ಆಪರೇಶನ್ ಆಗಿದ್ದ ಅತ್ತೆಯನ್ನು ಶುಕ್ರವಾರ ಮನೆಗೆ ಬಿಡುತ್ತಾರಂತೆ. ಕೈಯಲ್ಲಿದ್ದ ಸೊಪ್ಪನ್ನೇ ಕಣ್ಣಿಗೊತ್ತಿಕೊಂಡೆ. ಆದರೆ ಅತ್ತೆ ಆಂಬುಲೆನ್ಸ್ ಹತ್ತಲು ತಯಾರಿಲ್ಲ. ಫೋನಿನಲ್ಲಿ ನಾದಿನಿಯ ಹಿಂದಿನಿಂದ ಅವರ ಗಂಟಲೇ ಕೇಳಿತು: "ಹೆಣ ತರೂ ಗಾಡೀಲಿ ನಾ ಬರೂದಿಲ್ಲ. ನಮ್ಮ ಕಾರಿಗೆ ಎಂತ ಆಗಿದೆ?"

ಕಾರಿಗೆ ಆಗಬಾರದ್ದೇ ಆಗಿತ್ತು. ಇಡಗುಂಜಿ ಕ್ರಾಸಿನಿಂದ ನಮ್ಮ ಮನೆಗೆ ಬರುವ ಓಣಿಯಲ್ಲಿ ಗಟಾರದ ಮೇಲೊಂದು ಚಪ್ಪಡಿ ಕಲ್ಲಿದೆ. ಕಾರಿನ ಹೊಟ್ಟೆ ಅದಕ್ಕೆ ಕೆರೆಯುತ್ತದೆಂದು ನಮ್ಮ ಮನೆಯವರು ಯಾರದೋ ಮಾತು ಕೇಳಿ ಸ್ಪ್ರಿಂಗಿನ ಸುತ್ತುಗಳ ನಡುವೆ ರಬ್ಬರ್ ತುಂಡು ತುರುಕಿಸಿದ್ದರು. ಕಾರು ಎತ್ತರವೇನೋ ಆಯಿತು. ಅಂದಿನಿಂದ ಉಬ್ಬು ಕಂಡರೆ ಕಪ್ಪೆಯ ಹಾಗೆ ಹಾರುತ್ತದೆ, ತಿರುವಿನಲ್ಲಿ ದೋಣಿಯ ಹಾಗೆ ವಾಲುತ್ತದೆ. ಡಾಕ್ಟರು ಮಾತ್ರ ಖಡಾಖಂಡಿತ: ಕಾರಿನಲ್ಲೇ ಒಯ್ಯುವುದಾದರೆ ಒಯ್ಯಿರಿ, ಆದರೆ ಎತ್ತಿ ಹಾಕಿದರೆ ಮತ್ತೆ ಇಲ್ಲಿಗೇ ಬರಬೇಕಾಗುತ್ತದೆ.

"ಸ್ಪ್ರಿಂಗು, ಶಾಕಪ್ಪು ಎಲ್ಲಾ ಬದಲ್ಸಿ ಬಿಡ್ವ. ಅಮ್ಮನ ಸೊಂಟಕ್ಕಾಗಿ" ಅಂದರು ಇವರು. ಶಾಕ್ ಅಬ್ಸಾರ್ಬರಿಗೆ ನಮ್ಮಲ್ಲಿ ಎಲ್ಲರೂ ಹೇಳುವುದು ಹಾಗೆ. ಅಮ್ಮನ ಸೊಂಟದ ಮಾತಾಡುವವರ ದನಿಯಲ್ಲಿ ಅಷ್ಟು ಉತ್ಸಾಹ ಯಾಕೆ ಎಂದು ನನಗೆ ಅಲ್ಲೇ ಗುಮಾನಿ ಬಂತು. ಊಟಕ್ಕೆ ಕೂತಾಗಲೂ ಇವರು ಮೊಬೈಲಿನಲ್ಲಿ ನೋಡುವುದು ನೆಲಕ್ಕೆ ತಗ್ಗಿದ ಕಾರುಗಳು ರಸ್ತೆಗೆ ಅಂಟಿಕೊಂಡು ತಿರುಗುವ ವಿಡಿಯೋಗಳನ್ನು.

"ಅಮ್ಮನಿಗೋ, ನಿಮಗೋ?"

"ಎರಡಕ್ಕೂ ಆಗ್ತದೆ ಮಾರಾಯ್ತಿ."

ದೇವರಿಗೂ ಮಕ್ಕಳಿಗೂ ಒಂದೇ ಪಾಯಸ ಆದೀತು. ಇದು ಆದೀತೆಂದು ನನಗೆ ನಂಬಿಕೆ ಇರಲಿಲ್ಲ. ಬಿಡಿಭಾಗ ತರಲು ಭಟ್ಕಳಕ್ಕೆ ಹೊರಟಾಗ ನಾನೂ ಕಾರು ಹತ್ತಿದೆ.

ಅಂಗಡಿಯಲ್ಲಿ ಇವರ ಕೈ ನೇರ ಹೋದದ್ದು ಗಿಡ್ಡನೆಯ ಕೆಂಪು ಸ್ಪ್ರಿಂಗಿಗೆ.

"ಇದು ಎಂತಕ್ಕೆ ಕೆಂಪು?" ಎಂದು ಅಂಗಡಿಯವರನ್ನು ಕೇಳಿದೆ.

"ಸ್ಪೋರ್ಟ್ಸ್ ಅಕ್ಕಾ. ಕಾರು ತಗ್ಗಿ ನಿಲ್ತದೆ, ತಿರುವಿನಲ್ಲಿ ಅಲುಗೂದಿಲ್ಲ."

"ಕೂರೂದು ನಮ್ಮ ಅತ್ತೆ. ಸೊಂಟಕ್ಕೆ ಪ್ಲೇಟ್ ಹಾಕಿದ್ದಾರೆ. ಅವರಿಗೆ ಎಂತ ಸ್ಪೋರ್ಟ್ಸ್?"

ಅವರು ನಗುತ್ತ ಕೆಂಪು ಸ್ಪ್ರಿಂಗನ್ನು ಇವರ ಕೈಯಿಂದ ತೆಗೆದು ಒಳಗಿಟ್ಟರು. ಅದು ಗಟ್ಟಿ, ರಸ್ತೆಯ ಒಂದೊಂದು ಜಲ್ಲಿಯೂ ಸೊಂಟಕ್ಕೆ ಬಂದು ಲೆಕ್ಕ ಹೇಳುತ್ತದೆ ಅಂದರು. ಕಂಪನಿಯ ಮಾಮೂಲಿ ಸ್ಪ್ರಿಂಗ್ ಹಾಕಿ, ಶಾಕಪ್ ಮಾತ್ರ ಗ್ಯಾಸ್ ತುಂಬಿದ್ದು ತೆಗೆದುಕೊಳ್ಳಿ ಎಂಬುದು ಅವರ ಸಲಹೆ. ನನಗೆ ತಿಳಿದದ್ದಿಷ್ಟು: ತೊಟ್ಟಿಲು ತೂಗುವುದು ಸ್ಪ್ರಿಂಗು, ತೂಗಾಟ ಹೆಚ್ಚಾಗದಂತೆ ಹಿಡಿಯುವ ಕೈ ಶಾಕಪ್ಪು. ನಮ್ಮ ಕಾರಿನಲ್ಲಿ ರಬ್ಬರು ಜೋರಾಗಿ ತೂಗುತ್ತಿತ್ತು, ಹಿಡಿಯುವ ಕೈ ಮುದಿಯಾಗಿತ್ತು. ಇವರು ಒಪ್ಪಿದರು. ಆದರೂ ಕೆಂಪಿನ ಕಡೆ ಒಮ್ಮೆ ನೋಡಿಯೇ ಅಂಗಡಿಯ ಮೆಟ್ಟಿಲಿಳಿದರು.

ಸಂಜೆ ಎಲ್ಲವನ್ನೂ ದೇವರ ಮುಂದೆ ಇಟ್ಟು ಆರತಿ ಎತ್ತಿದೆ. ಕುಂಕುಮವನ್ನು ಎಣ್ಣೆಯಲ್ಲಿ ಕಲಸಿ ಒಂದೊಂದಕ್ಕೂ ಬೊಟ್ಟಿಟ್ಟೆ. ಭಕ್ತಿ ಇತ್ತು, ಸುಳ್ಳಲ್ಲ. ಆದರೆ ಹೊಸದನ್ನು ಇಟ್ಟುಕೊಂಡು ಹಳೆಯದಕ್ಕೆ ಬಣ್ಣ ಹೊಡೆದು ಹಾಕುವ ಗ್ಯಾರೇಜುಗಳ ಕತೆ ನಾನೂ ಕೇಳಿದ್ದೆ. ಸುಲಭಕ್ಕೆ ಅಳಿಯದಿರಲಿ ಎಂದೇ ಎಣ್ಣೆ ಹಾಕಿದ್ದು.

ಗುರುವಾರ ಹೊನ್ನಾವರದ ಗ್ಯಾರೇಜಿನಲ್ಲಿ ಕಾರು ಬಿಟ್ಟೆವು. ಸಂಜೆ ಹೋದಾಗ ಕೆಲಸ ಮುಗಿದಿತ್ತು. ನಾನು ಸೆರಗು ಸಿಕ್ಕಿಸಿ ಕೂತು ಮೊಬೈಲಿನ ಬೆಳಕು ಬಿಟ್ಟು ಒಂದೊಂದೇ ಚಕ್ರದ ಹಿಂದೆ ನೋಡಿದೆ. ಮುಂದಿನ ಎರಡರಲ್ಲೂ ಬೊಟ್ಟು ಇತ್ತು. ಹಿಂದೆ ಎಡಕ್ಕೂ ಇತ್ತು. ಬಲಕ್ಕೆ ಇರಲಿಲ್ಲ.

"ಇದರ ಕುಂಕುಮ ಎಲ್ಲಿ ಹೋತು?"

ಗ್ಯಾರೇಜಿನವನು ಸ್ಪಾನರ್ ಕೆಳಗಿಟ್ಟ. "ಎಂತ ಕುಂಕುಮ?"

"ನಾ ಇಟ್ಟಿದ್ದು. ನಾಲ್ಕಕ್ಕೂ."

"ಹಳೇ ನಾಲ್ಕೂ ಅಲ್ಲಿ ಚೀಲದಲ್ಲಿ ಬಿದ್ದಿದೆ. ನೋಡಿ ಬೇಕಾದ್ರೆ."

"ನಮ್ಮ ಹಳೇದು ಚೀಲದಲ್ಲಿದೆ, ಸರಿ. ಇದು ಇನ್ನೊಬ್ರ ಹಳೇದಾದ್ರೆ?"

ಇವರು, "ಬಾರೇ, ಚಾ ಕುಡ್ಕೊಂಡು ಬರ್ವ" ಎಂದು ನನ್ನನ್ನು ಅಲ್ಲಿಂದ ಎಬ್ಬಿಸಲು ನೋಡಿದರು. ನಾಳೆ ಆ ಮೂಲೆಯ ಮೇಲೆಯೇ ಅತ್ತೆ ಕೂರಬೇಕು. ನಾನು ಏಳಲಿಲ್ಲ. ಗ್ಯಾರೇಜಿನವನು ಹಲ್ಲು ಕಚ್ಚಿ ಜಾಕ್ ಕೊಟ್ಟ. ಕಾರಿನ ಬಲ ಮಗ್ಗುಲು ಮೇಲೇರಿತು, ಚಕ್ರ ಕೆಳಗೆ ಜೋತುಬಿತ್ತು. ಭಾರ ಕಳಚಿದ ಶಾಕಪ್ ಉದ್ದಕ್ಕೆ ಹಿಗ್ಗಿತು. ಅದರ ಮೇಲ್ಭಾಗಕ್ಕೆ ಧೂಳು ಬೀಳದಂತೆ ಕಪ್ಪು ಕವಚವಿತ್ತು. ಆ ಕವಚದ ಅಂಚಿನಿಂದ ನನ್ನ ಬೊಟ್ಟು ಮೆಲ್ಲಗೆ ಹೊರಗೆ ಇಣುಕಿತು. ಇದೊಂದಕ್ಕೆ ತುಸು ಮೇಲೆ ಇಟ್ಟಿದ್ದೆ, ಅಷ್ಟೆ.

"ಸ್ಪ್ರಿಂಗಿಗೂ ಇಟ್ಟಿರ್ಬೇಕಲ್ಲ ಅಕ್ಕ? ಅದೂ ನೋಡ್ತ್ರೋ?" ಎಂದು ಚುಚ್ಚಿದ.

"ನೋಡ್ತೆ" ಅಂದೆ. ನೋಡಿದೆ. ಎಲ್ಲವೂ ಇದ್ದವು. ಆಮೇಲೆ ಅವನೇ ಕಾರನ್ನು ಇಳಿಸಿ ಡಿಕ್ಕಿಯ ಮೂಲೆಯನ್ನು ಒತ್ತಿ ಬಿಟ್ಟ. ಕಾರು ಒಮ್ಮೆ ಎದ್ದು ಸುಮ್ಮನೆ ನಿಂತಿತು. ಅವನು ಒತ್ತಿದ್ದಕ್ಕೆ ಹಾಗೆ ನಿಂತಿತೇನೋ ಎಂದು ನಾನೂ ಒತ್ತಿ ನೋಡಿದೆ.

ಶುಕ್ರವಾರ ಅತ್ತೆಯನ್ನು ಹಿಂದಿನ ಸೀಟಿನಲ್ಲಿ ದಿಂಬುಗಳ ನಡುವೆ ಕೂರಿಸಿ ಕುಮಟಾ ಬಿಟ್ಟೆವು. ಅವರ ಬೆನ್ನ ಹಿಂದೆ ನನ್ನ ಕೈ. ಪ್ರತಿ ಉಬ್ಬಿಗೂ ಗಣಪತಿಯನ್ನು ನೆನೆಯುತ್ತ ಅತ್ತೆಯ ಮುಖ ನೋಡುತ್ತಿದ್ದೆ. ಹೆದ್ದಾರಿಯ ತಿರುವಿನಲ್ಲಿ ಇವರ ಕಾಲು ಸ್ವಲ್ಪ ಜೋರಾದ ಹಾಗೆ ಅನಿಸಿತು. ಕಾರು ವಾಲದೆ ನೀಟಾಗಿ ತಿರುಗಿತು. ಕನ್ನಡಿಯಲ್ಲಿ ಇವರ ಮುಖ ಅರಳಿದ್ದು ಕಂಡೆ.

"ಹ್ಞೂಂ" ಅಂದೆ. ಕಾಲು ಹಗುರಾಯಿತು.

ಶರಾವತಿ ಸೇತುವೆ ದಾಟುವಾಗ ಅತ್ತೆಗೆ ಜೊಂಪು ಹತ್ತಿತು. ನೋವಿಗೆ ಕಣ್ಣು ಮುಚ್ಚಿದ್ದಾರೋ ಎಂದು ಮೂಗಿನ ಬಳಿ ಕಿವಿಯಿಟ್ಟೆ. ಸಣ್ಣ ಗೊರಕೆ. ಆ ಗೊರಕೆಯಷ್ಟು ಇಂಪಾದ ಸದ್ದು ಆ ವಾರ ಕೇಳಿರಲಿಲ್ಲ.

ಓಣಿಯ ಚಪ್ಪಡಿ ಕಲ್ಲಿಗೆ ಮಾತ್ರ ಕಾರಿನ ಹೊಟ್ಟೆ ಕರ್ ಎಂದು ಕೆರೆಯಿತು. ರಬ್ಬರ್ ಹೋಗಿತ್ತಲ್ಲ. ಇವರು ತಮ್ಮದೇ ಚರ್ಮ ತರಚಿದ ಹಾಗೆ ಮುಖ ಕಿವುಚಿದರು. ಅತ್ತೆಗೆ ಎಚ್ಚರವಾಯಿತು.

"ಎಂತ ಅದು ಸದ್ದು?"

"ಕಾರಿನ ಹೊಟ್ಟೆ ಕೆರೀತು ಅತ್ತೆ. ನಿಮಗೆ ನೋವಾತಾ?"

"ನಂಗೆಂತದೂ ಆಗ್ಲಿಲ್ಲ. ಅದರ ಹೊಟ್ಟೆ ಕೆರೆದ್ರೆ ಕೆರೀಲಿ, ನನ್ನ ಹೊಟ್ಟೆ ಹಸೀತದೆ."

ವಾಕರ್ ಹಿಡಿದು, ಮಗನ ತೋಳಿಗೆ ಒರಗಿ, ತಮ್ಮ ಕಾಲಲ್ಲೇ ಹೊಸಿಲು ದಾಟಿದರು. ನಾನು ಒಳಗೆ ಹೋಗಿ ಗಂಜಿಗೆ ಅಕ್ಕಿ ತೊಳೆಯತೊಡಗಿದೆ.