ಕೋಳಿಗೂಡಿನ ಸೂಪರ್‌ವೈಸರ್

ನಮ್ಮ ಪಕ್ಕದ ಮನೆಯವರು ನೂಲಿನ ಗಿರಣಿಯಲ್ಲಿ ಸೂಪರ್‌ವೈಸರ್ ಆಗಿದ್ದರು. ಕೆಲಸಗಾರರು ನೀರು ಕುಡಿಯಲು ಹೋದರೂ ಬಾಗಿಲಲ್ಲಿ ಗಡಿಯಾರ ನೋಡುತ್ತ ನಿಲ್ಲುತ್ತಿದ್ದರಂತೆ. ಅದಕ್ಕೇ ಗಿರಣಿಯವರು ಅವರಿಗೆ ‘ಸೈರನ್’ ಎಂದು ಹೆಸರಿಟ್ಟಿದ್ದರು. ಜೀವನವಿಡೀ ಪಾಠ ಹೇಳಿದ ನನಗೆ ಯಾರನ್ನೂ ದಡ್ಡರೆನ್ನುವ ಅಭ್ಯಾಸವಿಲ್ಲ. ಇವರ ವಿಷಯದಲ್ಲಿ ಮಾತ್ರ ಆ ನಿಯಮ ಸಡಿಲಿಸಬೇಕಾಗಿದೆ.

ನಿವೃತ್ತರಾದ ಮೇಲೆ ಅಪ್ಪಣೆ ಕೊಡಿಸಲು ಅವರಿಗೆ ಉಳಿದದ್ದು ಹೆಂಡತಿ ಮತ್ತು ಆಕೆ ಹಿತ್ತಲಲ್ಲಿ ಸಾಕಿದ್ದ ಕೋಳಿಗಳು. ಆಕೆಯನ್ನು ನಾವೆಲ್ಲ ಅಕ್ಕ ಎನ್ನುತ್ತಿದ್ದೆವು. ಮರಿಯಿಂದ ಸಾಕಿದ ಕೋಳಿಗಳು ಅವು. ಕರೆದರೆ ಓಡಿಬಂದು ಆಕೆಯ ಮಡಿಲೇರುತ್ತಿದ್ದವು. ಚಳಿಗಾಲ ಬಂತು, ಹಗಲು ಮೊಟಕಾಯಿತು, ಮೊಟ್ಟೆಗಳು ಕಡಿಮೆಯಾದವು. ಪ್ರತಿವರ್ಷದ ಸಂಗತಿಯೇ. ಆದರೆ ಬೆಳಕು ಹೆಚ್ಚಿಸಿದರೆ ಮೊಟ್ಟೆ ಹೆಚ್ಚುತ್ತದೆಂದು ಸೈರನ್ ಎಲ್ಲೋ ಓದಿದರು. ಮುಂದಿನ ಸಾಲು ಓದುವ ತಾಳ್ಮೆ ಅವರಿಗೆಲ್ಲಿಂದ ಬರಬೇಕು? ಕಣ್ಣು ಕುಕ್ಕುವಂಥ ಬಲ್ಬೊಂದನ್ನು ಗೂಡಿನೊಳಗೆ ನೇತುಹಾಕಿ ಹಗಲೂ ರಾತ್ರಿ ಉರಿಸಿದರು.

“ರೀ, ಅವೂ ನಿದ್ದೆ ಮಾಡ್ಬೇಡ್ವಾ?” ಎಂದರು ಅಕ್ಕ.

“ಮೂರು ಪಾಳಿ ನಡೆಸಿದವನು ನಾನು. ನಂಗೇ ಹೇಳ್ಕೊಡ್ತೀಯಾ?”

ನಿದ್ದೆಗೆಟ್ಟ ಕೋಳಿಗಳು ಒಂದರ ಬೆನ್ನನ್ನೊಂದು ಕುಕ್ಕಿ ಪುಕ್ಕ ಕಿತ್ತವು. ಮೊಟ್ಟೆ ಪೂರ್ತಿ ನಿಂತಿತು. ಆಮೇಲೆ ಶುರುವಾಯಿತು ತಪಾಸಣೆ. ತಗಡಿನ ಬಾಗಿಲಿಗೆ ಕೋಲಿನಿಂದ ಬಡಿಯುವುದು, ಮೂಲೆಯಲ್ಲಿ ಕೂತ ಕೋಳಿಯ ಅಡಿಗೆ ಕೈ ತೂರಿಸುವುದು.

“ಏನೇ, ಬೆಳಿಗ್ಗೆಯಿಂದ ಏನ್ ಮಾಡ್ದೆ?”

ಇದು ಅವರು ಕೋಳಿಯನ್ನು ಕೇಳಿದ ಪ್ರಶ್ನೆ. ಗೋಡೆಯಾಚೆಯಿಂದ ನಾನು ಕಿವಿಯಾರೆ ಕೇಳಿದ್ದೇನೆ.

ಕೊನೆಗೆ ತೀರ್ಪೂ ಹೊರಬಿತ್ತು. “ಕಟುಕನಿಗೆ ಹೇಳಿದ್ದೀನಿ, ನಾಳೆ ಬರ್ತಾನೆ. ಸೋಮಾರಿಗಳನ್ನ ಸಾಕೋದು ನನ್ನಿಂದಾಗಲ್ಲ.”

ಅವರು ಕ್ಷೌರಕ್ಕೆ ಹೋದ ಹೊತ್ತಿನಲ್ಲಿ ಅಕ್ಕ ಕೋಳಿಗಳನ್ನು ಬುಟ್ಟಿಯಲ್ಲಿ ತುಂಬಿ ಗೋಡೆಯ ಮೇಲಿಂದ ನಮಗೆ ದಾಟಿಸಿದರು.

“ಮೇಷ್ಟ್ರೇ, ನಿಮ್ಮ ಸೌದೆ ಕೋಣೆಲಿ ಇಟ್ಕೊಳ್ಳಿ. ಸಂಜೆಯಾದ್ಮೇಲೆ ದೀಪ ಬೇಡ. ಯಾರೂ ಹೋಗಿ ಮಾತಾಡ್ಸೋದೂ ಬೇಡ.”

“ನಮ್ಮನೆಯವರು ಅವಕ್ಕೆ ಪಾಠ ಶುರು ಮಾಡದ ಹಾಗೆ ನಾನು ನೋಡ್ಕೋತೀನಿ, ಅಕ್ಕಾ,” ಎಂದಳು ನನ್ನ ಹೆಂಡತಿ.

ಮರುದಿನ ಕಟುಕ ಬಂದ. ಬಲ್ಬು ಝಗಝಗ ಉರಿಯುತ್ತಿತ್ತು, ಗೂಡು ಖಾಲಿ.

“ಎಲ್ಲೇ ಕೋಳಿ?” ಸೈರನ್ ಕೂಗಿದ್ದು ಬೀದಿಗೆಲ್ಲ ಕೇಳಿಸಿತು.

“ಕೆಲಸ ಬಿಟ್ಟು ಹೋದ್ವು. ನಿಮ್ಮ ಕೈಕೆಳಗೆ ಅವಕ್ಕೆ ಆಗ್ಲಿಲ್ಲ,” ಎಂದರು ಅಕ್ಕ.

ಕಟುಕ ನಗು ತಡೆಯಲಾರದೆ ಸೈಕಲ್ ತಿರುಗಿಸಿದ.

ನಮ್ಮಲ್ಲಿ ಕೋಳಿಗಳು ಕತ್ತಲಾದರೆ ಮಲಗಿದವು, ಬೆಳಗಾದರೆ ಎದ್ದವು. ಬೋಳು ಬೆನ್ನುಗಳ ಮೇಲೆ ಪುಕ್ಕ ಬಂತು. ಹಗಲು ಬೆಳೆಯುತ್ತಿದ್ದಂತೆ ಮೊಟ್ಟೆಗಳೂ ಬಂದವು. ಮೊಟ್ಟೆಯಿಟ್ಟಾಗಿನ ಅವುಗಳ ಕೊಕ್ಕೊಕ್ಕೊ ಸದ್ದು ಕೇಳಿದ್ದೇ ತಡ, ಸೈರನ್ ನಮ್ಮ ಬಾಗಿಲಲ್ಲಿ ಹಾಜರು.

“ನೋಡಿದ್ರಾ ಮೇಷ್ಟ್ರೇ? ನಾನು ಹಾಕಿದ ಬೆಳಕು ಸ್ವಲ್ಪ ತಡವಾಗಿ ಕೆಲಸ ಮಾಡ್ತು. ಇನ್ನು ವಾಪಸ್ ಕಳಿಸಿ.”

ಅಷ್ಟರಲ್ಲಿ ಗೋಡೆಯಾಚೆಯಿಂದ ಅಕ್ಕನ ದನಿ ಬಂತು:

“ಮೊಟ್ಟೆ ಬೇಯಿಸಿ ಕೊಡ್ತೀನಿ, ತಿನ್ನಿ. ಕೋಳಿ ಮಾತ್ರ ಬರಲ್ಲ.”

ನನ್ನ ಹೆಂಡತಿ ಒಂದು ಮೊಟ್ಟೆ ತಂದು ಅವರ ಕೈಗಿಟ್ಟಳು. ಅವರು ಅದನ್ನು ಬಿಸಿಲಿಗೆ ಹಿಡಿದು, ಒಂದು ಕಣ್ಣು ಮುಚ್ಚಿ, ಗಂಭೀರವಾಗಿ ಪರೀಕ್ಷಿಸಿದರು.

“ಸೈಜು ಸಾಲದು,” ಎಂದು ಹೇಳಿ ಜೇಬಿಗೆ ಹಾಕಿಕೊಂಡು ಹೋದರು.