ದೊರೆಸಾನಿಯ ಎರಡನೇ ತಟ್ಟೆ

ಮೊನ್ನೆ ಬಂದ ಮಳೆಗೆ ತಮ್ಮನ ಮಗಳ ಉಣ್ಣೆಯ ಸ್ವೆಟರು ಹಗ್ಗದ ಮೇಲೇ ತೊಯ್ದುಹೋಯಿತು. ಒಳಗೆ ತಂದು ಒಲೆಯ ಪಕ್ಕ ಹರವಿದೆ. ಸ್ವಲ್ಪ ಹೊತ್ತಿಗೆ ಹಸಿ ಉಣ್ಣೆಯ ವಾಸನೆ ಎದ್ದಿತು... ಕುರಿಯದೂ ಹೌದು, ಹೊಗೆಯದೂ ಹೌದು. ಕೈಯಲ್ಲಿದ್ದ ಕೆಲಸ ಬಿಟ್ಟು ಅಲ್ಲೇ ಕೂತುಬಿಟ್ಟೆ. ಐವತ್ತು ವರ್ಷಕ್ಕೂ ಹಿಂದೆ ನಮ್ಮ ಪಕ್ಕದ ಮನೆಯಲ್ಲಿದ್ದ ದೊರೆಸಾನಿ ಇಂಥದೇ ವಾಸನೆಯ ಕೋಟು ತೊಟ್ಟು, ನೀರು ಸುರಿಸಿಕೊಂಡು, ಬೌರಿಂಗ್‌ಪೇಟೆ ಸ್ಟೇಷನ್ನಿನಲ್ಲಿ ರೈಲಿಳಿದಿದ್ದರು. ಬಂಗಾರಪೇಟೆಯನ್ನು ಆಗ ನಾವು ಹಾಗೆ ಕರೆಯುತ್ತಿದ್ದೆವು.

ಅವರ ಹೆಸರಿಗೆ ನಮ್ಮ ನಾಲಗೆ ಹೊರಳುತ್ತಿರಲಿಲ್ಲ. ಊರಿಗೆಲ್ಲ ಅವರು ದೊರೆಸಾನಿ. ಸಂಬಳ ಸಾರಿಗೆ ಏನೂ ಇಲ್ಲದೆ, ಸೇವೆ ಮಾಡಬೇಕೆಂದು ಹಡಗು ಹತ್ತಿ ಬಂದ ನರ್ಸು. ಚಿನ್ನದ ಗಣಿಯವರ ಕಡೆ, ಉರಿಗಾಮಿನಲ್ಲಿ, ಬಿಳಿಯರ ಬಂಗಲೆಗಳಿದ್ದವು, ಕ್ಲಬ್ಬಿತ್ತು. ಅದನ್ನೆಲ್ಲ ಬಿಟ್ಟು ನಮ್ಮ ಹಳ್ಳಿಯಲ್ಲಿ ಮಣ್ಣಿನ ಗೋಡೆಯ ಒಂದು ಮನೆ ಹಿಡಿದು, ಮುಂದಿನ ಕೋಣೆಯಲ್ಲಿ ಔಷಧಿ ಕೊಡುತ್ತಿದ್ದರು, ಹೆರಿಗೆಗೆ ಕರೆದರೆ ಹೋಗುತ್ತಿದ್ದರು. ಕನ್ನಡ ಕಲಿತದ್ದು ನಮ್ಮ ಅತ್ತೆಯಿಂದ. ಹಾಗಾಗಿ ಅವರೂ ಅತ್ತೆಯ ಹಾಗೇ "ಓಗ್ತೀನಿ", "ಬತ್ತೀನಿ" ಎನ್ನುತ್ತಿದ್ದರು. ನಡುನಡುವೆ ಗಣಿಯ ಕಡೆಯ ತಮಿಳು ಬೇರೆ ಸೇರುತ್ತಿತ್ತು.

ಅವರು ಬರುವ ಹಿಂದಿನ ವರ್ಷ ನನ್ನ ಗಂಡ ಗಣಿಯಲ್ಲಿ ತೀರಿಕೊಂಡಿದ್ದ. ಆ ಕಾಲದಲ್ಲಿ ಆಳದ ಬಂಡೆ ಇದ್ದಕ್ಕಿದ್ದಂತೆ ಸಿಡಿಯುವುದು ಹೊಸದೇನಲ್ಲ. ನಮ್ಮ ಊರಿಗೂ ಅದರ ನಡುಕ ಬರುತ್ತಿತ್ತು, ಗೋಡೆಯ ಹಲಗೆಯ ಮೇಲಿನ ಪಾತ್ರೆಗಳು ಗಡಗಡ ಎನ್ನುತ್ತಿದ್ದವು. ಆ ದಿನವೂ ಹಾಗೇ ಆಯಿತು. ನಾನು ಬೀಳುತ್ತಿದ್ದ ಚೊಂಬನ್ನು ಹಿಡಿದು ಮತ್ತೆ ಅಲ್ಲೇ ಇಟ್ಟೆ. ಸಂಜೆ ಕೂಲಿಯವರ ರೈಲಿನಲ್ಲಿ ಸುದ್ದಿ ಬಂತು. ಗಂಡನ ದೇಹ ಸಿಕ್ಕಿತು. ಅವನ ಗ್ಯಾಂಗಿನ ಮೇಲಿದ್ದ ಎಳೆಯ ದೊರೆಯದು ಸಿಗಲೇ ಇಲ್ಲ. ಆ ಜಾಗವನ್ನು ಕಲ್ಲು ಕಟ್ಟಿ ಮುಚ್ಚಿಬಿಟ್ಟರು.

ಕಾಲು ಕಳೆದುಕೊಂಡು ಬದುಕಿ ಬಂದ ಜೊತೆಗಾರನೊಬ್ಬ ನಮ್ಮ ಜಗಲಿಯ ಮೇಲೆ ಕೂತು ಹೇಳಿದ: "ಮ್ಯಾಲಿನ ಕಲ್ಲು ಸದ್ದು ಮಾಡ್ತಿತ್ತು ಕಣವ್ವ. ನಾವು ಈಚೆಗೆ ಬಂದ್ಬಿಟ್ಟಿದ್ವಿ. ಏನೂ ಆಗಲ್ಲ, ವಾಪಸ್ ಓಗಿ ಅಂದ ದೊರೆ. ತಾನೂ ನಮ್ ಜತೇಲೇ ಬಂದ."

ಆ ದೊರೆಯ ಅಕ್ಕನೇ ಈ ದೊರೆಸಾನಿ. ಅದನ್ನು ಅವರು ಬಂದ ವಾರದಲ್ಲೇ ಊರಿನ ಮೇಷ್ಟರ ಬಾಯಿಂದ ಅತ್ತೆಗೆ ಹೇಳಿಸಿದ್ದರು, ತಮ್ಮ ಇಲ್ಲಿಯ ಗಣಿಯಲ್ಲಿ ಹೋದ ಎಂದು. ವಾಪಸ್ ಕಳಿಸಿದ ಮಾತನ್ನು ಮಾತ್ರ ಅವರೂ ಆಡಲಿಲ್ಲ, ನಾವೂ ಆಡಲಿಲ್ಲ. ಅತ್ತೆ ನನಗೆ ಕಟ್ಟುನಿಟ್ಟಾಗಿ ಹೇಳಿದ್ದರು: "ಆ ಮಾತು ಎತ್ತಬ್ಯಾಡ. ಅವಳಿಗೂ ಒಡಹುಟ್ಟಿದೋನು." ನಾನು ಔಷಧಿ ಕೋಣೆಯಲ್ಲಿ ಅವರಿಗೆ ಕೈಯಾಳಾಗಿ ಸೇರಿದೆ. ಬಟ್ಟೆ ಕುದಿಸುತ್ತಿದ್ದೆ, ಗಾಯ ತೊಳೆಯುತ್ತಿದ್ದೆ. ನನಗೆ ಅಕ್ಷರ ಕಲಿಸಿದವರು ಊರಿನ ಮೇಷ್ಟರಾದರೂ, ಕಲಿಯಲೇಬೇಕೆಂದು ಬೆನ್ನು ಹತ್ತಿದವರು ಅವರು. ಆದರೂ ಅವರ ಮುಖ ನೋಡುವಾಗ ಒಮ್ಮೊಮ್ಮೆ, ಇವರ ತಮ್ಮನ ಮುಖವೂ ಹೀಗೇ ಇದ್ದಿರಬೇಕು ಎನ್ನಿಸಿ ಎದೆಯೊಳಗೆ ಏನೋ ಕಲ್ಲಾಗುತ್ತಿತ್ತು...

ಒಂದು ದಿನ ಅವರ ತಾಯಿಗೆ ಮೈ ಸರಿಯಿಲ್ಲ ಎಂದು ಸುದ್ದಿ ಬಂತು. ದೊರೆಸಾನಿ ಊರಿಗೆ ಹೊರಟರು. ಮರಳಿ ಬರಲಾರರು ಎಂದೇ ಎಲ್ಲರೂ ಅಂದುಕೊಂಡೆವು. ಬಂದರು. ಮುಂಗಾರಿನ ಆ ಸಂಜೆ ಗಾಡಿ ಕಟ್ಟಿಕೊಂಡು ಕರೆತರಲು ಹೋದವರಲ್ಲಿ ನಾನೂ ಇದ್ದೆ. ತೊಯ್ದ ಉಣ್ಣೆಯ ಕೋಟಿನೊಳಗೆ, ಹೋದಾಗ ಇದ್ದ ಮೈ ಅರ್ಧವಾಗಿತ್ತು. ಗಾಡಿ ಹತ್ತುವಾಗ ತಮ್ಮ ಪಕ್ಕದಲ್ಲಿ ಒಬ್ಬರು ಕೂರುವಷ್ಟು ಜಾಗ ಬಿಟ್ಟು ಕೂತರು. ನಾನು ಅಲ್ಲಿ ಕೂರಲು ಹೋದೆ. ಕೈ ಅಡ್ಡ ಹಿಡಿದರು. ತಕ್ಷಣ ಏನೋ ನೆನಪಾದವರ ಹಾಗೆ ಕೈ ತೆಗೆದು, "ಕೂತ್ಕೋ" ಎಂದರು.

ಮಾರನೆಯ ದಿನ ಜಗಲಿಯಲ್ಲಿ ಕೂತು ಅತ್ತೆಯ ಮುಂದೆ ಎಲ್ಲ ಹೇಳಿದರು. ತಾಯಿಗೆ ನೆನಪು ಹೋಗಿತ್ತು. ಮಗ ಸತ್ತದ್ದನ್ನು ಹೇಳಿದರೆ ಅಳುವುದು, ಮಲಗಿ ಎದ್ದರೆ ಮರೆಯುವುದು, ಮತ್ತೆ ಮಗ ಎಲ್ಲಿ ಎಂದು ಕೇಳುವುದು. ಪ್ರತಿ ಬೆಳಗ್ಗೆ ಹೊಸದಾಗಿ ಮಗನನ್ನು ಕಳೆದುಕೊಳ್ಳುವ ತಾಯಿಯನ್ನು ನೋಡಲಾರದೆ ಇವರು ಒಂದು ದಿನ ಸುಳ್ಳು ಹೇಳಿದರು. ಅವನು ನನ್ನ ಜೊತೆ ಹಳ್ಳಿಯಲ್ಲೇ ಇದ್ದಾನೆ, ಚೆನ್ನಾಗಿದ್ದಾನೆ. ತಾಯಿ ನಕ್ಕರಂತೆ. ಏನು ತಿನ್ನುತ್ತಾನೆ ಎಂದರು. ರಾಗಿ ಮುದ್ದೆ ಎಂದರು ಇವರು. ಅವನಿಗೊಂದು ನಾಯಿಯಿದೆ, ಕೆರೆಯಲ್ಲಿ ಈಜುತ್ತಾನೆ, ಬಿಸಿಲಿಗೆ ಕಪ್ಪಾಗಿದ್ದಾನೆ... ದಿನಕ್ಕೊಂದು ಕತೆ ಸೇರುತ್ತಾ ಹೋಯಿತು. ಕೊನೆಗೆ ತಾಯಿಯೇ, ಅವನೊಬ್ಬನನ್ನೇ ಅಲ್ಲಿ ಬಿಟ್ಟು ಯಾಕೆ ಬಂದೆ, ಹೋಗು, ಅವನ ಊಟ ನೋಡಿಕೋ ಎಂದು ಕೈ ಹಿಡಿದು ಮಾತು ತೆಗೆದುಕೊಂಡು ಕಳಿಸಿದರು.

"ಮಾತು ಕೊಟ್ಟೆ, ಅವ್ವಾ" ಎಂದರು ದೊರೆಸಾನಿ.

ಅವತ್ತಿನಿಂದ ಅವರ ಮನೆಯಲ್ಲಿ ಎರಡು ತಟ್ಟೆ. ಎರಡರಲ್ಲೂ ಬಡಿಸುವುದು, ಎದುರಿಗೆ ಕೂತು ತಮ್ಮದನ್ನು ತಿನ್ನುವುದು, ನಡುವೆ ತಮ್ಮ ಭಾಷೆಯಲ್ಲಿ ಮೆಲ್ಲಗೆ ಏನೋ ಹೇಳಿ ಉತ್ತರಕ್ಕೆ ಕಾಯುವವರ ಹಾಗೆ ಸುಮ್ಮನಾಗುವುದು. ಭೂಮಿ ನಡುಗಿದರೆ ಕೈಯಲ್ಲಿದ್ದ ಮಗುವನ್ನು ನನಗೆ ಕೊಟ್ಟು ಬೀದಿಗೆ ಓಡಿ, ಗಣಿಯ ದಿಕ್ಕಿಗೆ ಮುಖ ಮಾಡಿ ನಿಲ್ಲುತ್ತಿದ್ದರು. ಮಧ್ಯಾಹ್ನದ ಬಿಸಿಲಿನಲ್ಲೂ ಆ ಮನೆಯ ಒಳಗೆ ಕಾಲಿಟ್ಟರೆ ನನಗೆ ಮೈ ಜುಮ್ಮೆನ್ನುತ್ತಿತ್ತು. ಮೂರನೆಯವರೊಬ್ಬರು ಆಗ ತಾನೇ ಎದ್ದು ಒಳಕೋಣೆಗೆ ಹೋದ ಹಾಗೆ...

ಊರು ಮಾತಾಡದೆ ಇರುತ್ತದೆಯೇ. "ದೊರ್ಸಾನಿ ಮನೇಲಿ ಗಾಳಿ ಸೇರ್ಕೊಂಡದೆ" ಎಂದರು. ಬಾಣಂತಿಯರು ಬರುವುದು ನಿಂತಿತು. ಹಿಂದಿನ ಬೀದಿಯಲ್ಲಿ ಒಬ್ಬಳು ಹೆರಿಗೆ ನೋವಿನಲ್ಲಿ ಕೂಗುತ್ತಿದ್ದಾಗ ಇವರು ಚೀಲ ಹಿಡಿದು ಹೋದರೆ, ಅವಳ ತಾಯಿ ಬಾಗಿಲಿಗೆ ಅಡ್ಡ ನಿಂತು, "ನೀನು ಒಬ್ಬಳೇ ಬರಲ್ಲ ಕಣವ್ವ, ನಿನ್ ಇಂದೆ ಅವನೂ ಬತ್ತಾನೆ" ಎಂದಳು. ದೊರೆಸಾನಿ ಹಿಂತಿರುಗಿ ನೋಡಿದರು. ಅದನ್ನು ಕಂಡು ಆ ಬೀದಿಯವರೆಲ್ಲ ಒಳಗೆ ಹೋಗಿ ಕದ ಹಾಕಿಕೊಂಡರು. ದೇವರ ದಯೆ, ತಾಯಿ ಮಗು ಉಳಿದವು.

ಅತ್ತೆ ಮಾತ್ರ ದಿನಾ ನನ್ನ ಕೈಯಲ್ಲಿ ಅವರಿಗೆ ಮುದ್ದೆ ಕಳಿಸುತ್ತಿದ್ದರು. ಒಂದಲ್ಲ, ಎರಡು. ನನ್ನ ಗಂಡನನ್ನು ಹೆತ್ತವರು, ಅವನನ್ನು ಸಾವಿಗೆ ಕಳಿಸಿದವನಿಗೆ ಮುದ್ದೆ ಕಟ್ಟುತ್ತಿದ್ದರು. ಹೊತ್ತುಕೊಂಡು ಹೋಗುವವಳು ನಾನು. ಒಂದು ದಿನ ಹೋದಾಗ ಅವರು ಖಾಲಿ ಮಣೆಯ ಕಡೆ ತಿರುಗಿ ನಗುತ್ತಿದ್ದರು. ನನಗೆ ತಡೆಯಲಾಗಲಿಲ್ಲ.

"ನನ್ನ ಗಂಡನ್ನ ವಾಪಸ್ ಒಳಕ್ಕೆ ಕಳ್ಸಿದ್ದು ಇವನೇ" ಎಂದೆ. ಕೂಗಲಿಲ್ಲ. ಇವನೇ ಎಂದು ಆ ಮಣೆಯನ್ನೇ ತೋರಿಸಿದ್ದೆ ಎಂದು ಆಮೇಲೆ ಹೊಳೆಯಿತು.

ದೊರೆಸಾನಿ ನನ್ನನ್ನೇ ನೋಡಿದರು. "ಗೊತ್ತು" ಎಂದರು. "ಗಣಿಯವರನ್ನ ಕೇಳಿ ತಿಳ್ಕೊಂಡೆ. ಅವನ ಜತೆ ಸತ್ತವರ ಊರು ಯಾವುದು ಅಂತಲೂ ಕೇಳ್ದೆ. ಅದಕ್ಕೇ ಇಲ್ಲಿಗೆ ಬಂದೆ." ಆಮೇಲೆ, "ನೀವು ಬಯ್ತೀರಿ ಅಂತ ಕಾದಿದ್ದೆ. ನಿಮ್ಮತ್ತೆ ಮೊಸರು ಕೊಟ್ರು" ಎಂದರು.

ನಾನು ಮುದ್ದೆಯ ಬುಟ್ಟಿ ಅಲ್ಲೇ ಇಟ್ಟು ಮನೆಗೆ ಬಂದು ಅತ್ತೆಯ ಮಡಿಲಲ್ಲಿ ತಲೆಯಿಟ್ಟೆ. ಗಂಡ ಹೋದ ಮೇಲೆ ಅಷ್ಟು ಅತ್ತದ್ದು ಅದೇ ಮೊದಲು.

ಮಹಾಲಯ ಅಮಾವಾಸ್ಯೆ ಬಂತು. ಸತ್ತವರಿಗೆ ಎಡೆಯಿಡುವ ದಿನ. ಅವತ್ತು ಬೆಳಗ್ಗೆ ಅತ್ತೆ ದೊರೆಸಾನಿಯ ಮನೆಗೆ ಹೋಗಿ ಅವರ ಎದುರು ಕೂತರು.

"ದಿನಾ ಉಣ್ಣಾಕಿಕ್ಕಿದ್ರೆ ಅವನಾದ್ರೂ ಎಲ್ಲಿಗ್ ಓದಾನು? ಉಂಡ್ಕೊಂಡು ಇಲ್ಲೇ ಬಿದ್ದಿರ್ತಾನೆ. ವರ್ಷಕ್ಕೊಂದ್ಸಲ ಕರೀಬೇಕು, ಉಣ್ಸಬೇಕು, ಕಳಿಸ್ಬೇಕು. ಇವತ್ತು ನಮ್ಮನೇಲಿ ನನ್ ಮಗನ ಪಕ್ಕಕ್ಕೇ ಅವನಿಗೂ ಎಲೆ ಆಕ್ತೀನಿ."

"ಅಮ್ಮನಿಗೆ ಮಾತು ಕೊಟ್ಟಿದೀನಿ" ಎಂದರು ದೊರೆಸಾನಿ.

"ನಾನೂ ಅಮ್ಮಾನೇ. ಅವನಿಗೇನು ಇಷ್ಟ, ಅದು ಏಳು."

ಖಾಲಿ ಮಣೆಯ ಕಡೆ ತಿರುಗಿ ನೋಡಿ ದೊರೆಸಾನಿ ಹೇಳಿದರು, ಬೇಯಿಸಿದ ಆಲೂಗಡ್ಡೆ, ಮೇಲೆ ಬೆಣ್ಣೆ. ಆಲೂಗಡ್ಡೆ ಬೇಯಿಸಿದವಳು ನಾನು. ಅತ್ತೆ ಹೇಳಲಿಲ್ಲ, ನಾನೇ ಒಲೆಯ ಮುಂದೆ ಕೂತೆ. ಯಾಕೆಂದು ಇವತ್ತಿಗೂ ನನಗೆ ಸರಿಯಾಗಿ ಹೇಳಲು ಬರುವುದಿಲ್ಲ.

ಇಳಿಹೊತ್ತಿನಲ್ಲಿ ನಡುಮನೆಯಲ್ಲಿ ಎರಡು ಎಲೆ ಹಾಕಿ, ಬಡಿಸಿ, ದೀಪ ಹಚ್ಚಿ, ಸತ್ತವರು ನೆಮ್ಮದಿಯಾಗಿ ಉಣ್ಣಲೆಂದು ಬಾಗಿಲು ಮುಚ್ಚಿ ಹೊರಗೆ ಬಂದೆವು. ಮೂವರೂ ಜಗಲಿಯ ಮೇಲೆ ಕೂತೆವು. ಆಗ ಭೂಮಿ ನಡುಗಿತು. ಕೂತ ಕಲ್ಲು ಅಲುಗಿತು, ಮುಚ್ಚಿದ ಬಾಗಿಲ ಹಿಂದೆ ಒಂದು ಲೋಟ ಉರುಳಿದ ಸದ್ದಾಯಿತು. ದೊರೆಸಾನಿ ಏಳಲು ಹೋದರು. ಅತ್ತೆ ಅವರ ಕೈ ಹಿಡಿದರು. "ಕೂತ್ಕೋ. ಉಣ್ಲಿ" ಎಂದರು. ದೊರೆಸಾನಿ ಕೂತರು. ಅವರ ಇನ್ನೊಂದು ಕೈ ನನ್ನ ಕೈಯನ್ನು ಹುಡುಕಿಕೊಂಡು ಬಂತು, ತಣ್ಣಗಿತ್ತು. ನಾನು ಬಿಡಿಸಿಕೊಳ್ಳಲಿಲ್ಲ.

ಮಾರನೆಯ ದಿನದಿಂದ ಅವರ ಮನೆಯಲ್ಲಿ ಒಂದೇ ತಟ್ಟೆ. ಜನ ಒಬ್ಬೊಬ್ಬರಾಗಿ ಔಷಧಿಗೆ ಬರತೊಡಗಿದರು. ಅವರು ಮೊದಲಿನಂತಾದರು ಎಂದು ಹೇಳಲಾರೆ. "ಮನೆ ತುಂಬ ದೊಡ್ಡದಾಗೋಯ್ತು" ಎನ್ನುತ್ತಿದ್ದರು. ಮರುವರ್ಷ ತಾಯಿ ತೀರಿಕೊಂಡ ಸುದ್ದಿ ಬಂದಾಗ ಅವರು ಅಳಲಿಲ್ಲ. ಗಾಯಕ್ಕೆ ಕಟ್ಟುವ ಬಟ್ಟೆ ಮಡಿಸುತ್ತಾ, "ಈಗ ಅಮ್ಮನಿಗೆ ಎಲ್ಲ ಗೊತ್ತಾಗಿರ್ತದೆ" ಎಂದರು.

ಆಮೇಲೆ ಯುದ್ಧ ಬಂತು. ಗಾಯಾಳುಗಳನ್ನು ನೋಡಿಕೊಳ್ಳುವ ಹಡಗೊಂದರ ಕೆಲಸಕ್ಕೆ ತಾವಾಗಿಯೇ ಹೆಸರು ಕೊಟ್ಟರು. ಸ್ಟೇಷನ್ನಿನಲ್ಲಿ ಅತ್ತೆಯ ಕಾಲು ಮುಟ್ಟಿ, "ಅಮಾವಾಸ್ಯೆಗೆ ಅವನ್ನ ಮರೀಬ್ಯಾಡಿ" ಎಂದರು. ನನಗೆ, "ಬತ್ತೀನಿ" ಎಂದರು. ಮತ್ತೆ ಅವರ ಸುದ್ದಿಯಿಲ್ಲ. ಹಡಗು ಮುಳುಗಿತೆಂದು ಒಬ್ಬರು, ಅವರ ದೇಶದಲ್ಲೇ ಉಳಿದರೆಂದು ಇನ್ನೊಬ್ಬರು... ಕೇಳಲು ಯಾರನ್ನೂ ನಾನು ಕಾಣೆ.

ನಾನು ನರ್ಸ್ ಆದೆ, ಊರೂರು ತಿರುಗಿದೆ, ನಿವೃತ್ತಳಾಗಿ ತಮ್ಮನ ಮನೆ ಸೇರಿದೆ. ಅತ್ತೆ ಇರುವವರೆಗೆ ಅವರು, ಆಮೇಲೆ ನಾನು, ಪ್ರತಿ ವರ್ಷ ಗಂಡನ ಪಕ್ಕ ಆ ದೊರೆಗೂ ಎಡೆಯಿಟ್ಟೆವು. ದೊರೆಸಾನಿಗೆ ಮಾತ್ರ ಇಡುವಂತಿರಲಿಲ್ಲ. ಸತ್ತರೆಂದು ಗೊತ್ತಿಲ್ಲದವರಿಗೆ ಎಲೆ ಹಾಕುವುದು ಹೇಗೆ? ಬತ್ತೀನಿ ಎಂದು ಹೋದವರು.

ಬದುಕಿದ್ದರೆ ಅವರಿಗೀಗ ನೂರರ ಹತ್ತಿರ. ಸ್ವೆಟರು ಒಣಗಿದ ವಾರಕ್ಕೆ ಅಮಾವಾಸ್ಯೆ ಬಂತು. ಈ ಸಲ ಮೂರನೆಯ ಎಲೆಯನ್ನೂ ಹಾಕಿದೆ. ತಮ್ಮನ ಮಗಳು ಬಾಗಿಲಲ್ಲಿ ನಿಂತು, "ಇದು ಯಾರಿಗೆ ಅತ್ತೆ?" ಎಂದಳು.

"ಪಕ್ಕದ ಮನೆಯೋರ್ಗೆ" ಎಂದೆ. ಹಾಗೆಂದ ಮೇಲೆ, ಇಷ್ಟು ವರ್ಷ ಯಾರೂ ಬಂದು ಹೇಳದೇ ಇದ್ದ ಸಾವಿನ ಸುದ್ದಿಯನ್ನು ನನಗೆ ನಾನೇ ಹೇಳಿಕೊಂಡ ಹಾಗಾಯಿತು.