ಪ್ರಾರ್ಥನೆಯಲ್ಲಿ ಬಿಟ್ಟುಹೋದ ಊರು

ದೇವರು ನಮ್ಮ ಪ್ರಾರ್ಥನೆ ಕೇಳಿದ. ಅಲ್ಲೇ ಫಜೀತಿ ಆದದ್ದು!

ನನ್ನ ಅಕ್ಕನ ಮಗಳು ಗ್ರೇಸಿಗೆ ಏಳು ತಿಂಗಳು. ಕೊಟ್ಟ ಮನೆ ಭಾಲ್ಕಿ ತಾಲೂಕಿನಲ್ಲಿ, ಕಾರಂಜಾ ನದಿ ದಾಟಿದರೆ ಅವರ ಊರು. ಮೊದಲ ಬಸಿರು ಉಳಿಯಲಿಲ್ಲ. ಈ ಸಲ ಡಾಕ್ಟರು ದೂರದ ಓಡಾಟ ಬೇಡ ಅಂದಿದ್ದಕ್ಕೆ ಕುಬಸವೂ ಅಲ್ಲೇ. (ಸೀಮಂತ ಅಂದರೆ ನಮ್ಮ ಕಡೆ ಯಾರೂ ತಿರುಗಿ ನೋಡುವುದಿಲ್ಲ.) ಅಕ್ಕನದು ಒಂದೇ ಹಟ: ತವರಿನ ಮೊದಲ ತುತ್ತು ತನ್ನ ಕೈಯಿಂದಲೇ ಆಗಬೇಕು.

ಮಳೆಗಾಲ ಬೇರೆ. ಹಿಂದಿನ ಭಾನುವಾರ ಚರ್ಚ್ ಮುಗಿಸಿ ಬಂದು ಬೀದರದ ಚಿದ್ರಿಯ ನಮ್ಮ ಮನೆಯಲ್ಲಿ ಎಲ್ಲರೂ ಮೊಣಕಾಲೂರಿದೆವು. ಅಕ್ಕನೇ ಪ್ರಾರ್ಥಿಸಿದಳು. ತಂದೆಯೇ, ಆ ದಿನ ಬೀದರದಲ್ಲಿ ಮಳೆ ಬೇಡ. ಭಾಲ್ಕಿಯಲ್ಲಿ ಬೇಡ. ಔರಾದಿನಿಂದ ನೆಂಟರು ಬರುತ್ತಾರೆ, ಅಲ್ಲೂ ಬೇಡ. ನಾವು ಆಮೆನ್ ಅಂದೆವು.

ಮೂರೂ ಕಡೆ ಒಂದು ಹನಿ ಬೀಳಲಿಲ್ಲ! ಹೋಳಿಗೆ, ಹಸಿರು ಸೀರೆ, ಬಳೆ ಎಲ್ಲ ಜೀಪಿಗೆ ಏರಿಸಿ ಹೊರಟೆವು. ನದಿ ಹತ್ತಿರ ಜೀಪು ಗಕ್ಕನೆ ನಿಂತಿತು. ಸೇತುವೆ ಎಲ್ಲಿ? ಅದರ ಮೇಲೆ ಕೆಸರು ನೀರು ಧೋ ಅಂತ ಹರಿಯುತ್ತಿದೆ.

ಅಷ್ಟರಲ್ಲಿ ಅಳಿಯನ ಫೋನ್. "ಅತ್ತಿ, ಬರಬ್ಯಾಡ್ರಿ. ಮ್ಯಾಲ ಕೊಹೀರ್ ಕಡಿ ಜೋರ್ ಮಳಿ ಹೊಡದದ. ಡ್ಯಾಮ್ ತುಂಬಿ ಗೇಟ್ ಬಿಟ್ಟಾರ."

ಕೊಹೀರ್! ತೆಲಂಗಾಣ! ಅದೊಂದು ಹೆಸರು ಪ್ರಾರ್ಥನೆಯಲ್ಲಿ ಬಿಟ್ಟುಹೋಗಿತ್ತು ನೋಡಿ.

ನದಿ ಹುಟ್ಟುವುದು ಅಲ್ಲಿ, ನಾವು ನೋಡುವುದು ನಮ್ಮ ತಲೆ ಮೇಲಿನ ಆಕಾಶ. ಅಲ್ಲಿಂದ ಬಂದು, ಭಾಲ್ಕಿಯ ಹೊಲ ನೆನೆಸಿ, ಮಾಂಜ್ರಾ ಸೇರಿ, ಗೋದಾವರಿಗೆ ಹೋಗುತ್ತದೆ. (ಉಳಿದ ಕರ್ನಾಟಕ ಕೃಷ್ಣಾ, ಕಾವೇರಿ ಅಂತ ಜಗಳಾಡುವಾಗ ಬೀದರದವರು ಸುಮ್ಮನೆ ಕೂತಿರುತ್ತೇವೆ.) ನಮ್ಮ ನಳಕ್ಕೆ ಬರುವುದೂ ಇದೇ ನೀರು. ಬೇಸಿಗೆಯಲ್ಲಿ ಚಪ್ಪಲಿ ತೋಯದಂತೆ ದಾಟಬಹುದು. ಅದಕ್ಕೇ ಅಲ್ಲವೇ ಸೇತುವೆಯನ್ನು ಅಷ್ಟು ತಗ್ಗಿನಲ್ಲಿ ಕಟ್ಟಿ ಕೈ ತೊಳೆದುಕೊಂಡದ್ದು? ಸುತ್ತು ದಾರಿಯಲ್ಲೂ ಹಳ್ಳ ರಸ್ತೆ ಮೇಲೆ ಬಂದಿದೆ ಅಂದರು.

ಆಚೆ ದಡಕ್ಕೆ ಗ್ರೇಸಿ ಬಂದು ನಿಂತಳು, ಜೊತೆಗೆ ಅವಳ ಅತ್ತೆ. ಅಕ್ಕ ಚಪ್ಪಲಿ ಕಳಚಿ ನೀರಿಗೆ ಕಾಲಿಟ್ಟೇಬಿಟ್ಟಳು! ನಾನು ರಟ್ಟೆ ಹಿಡಿದು ಎಳೆದೆ.

"ಹುಚ್ಚಿ ಆಗಿದಿ ಏನ? ಕುಬಸ ಮಾಡ್ಲಾಕ ಬಂದಿಯೋ, ಸಾಯ್ಲಾಕ ಬಂದಿಯೋ?"

ಬೈಯುತ್ತಲೇ ನನಗೂ ಅಳು ಬಂತು. ಪಾಪ, ಎಷ್ಟು ಆಸೆಯಿಂದ ಬಂದಿದ್ದಳು.

ಅಕ್ಕ ಒದ್ದೆ ಕಾಲಿಗೆ ಚಪ್ಪಲಿ ಮೆಟ್ಟಿಕೊಂಡಳು. ಆಮೇಲೆ ತಾನೇ ಫೋನ್ ಹಚ್ಚಿದಳು. "ಬೀಗ್ತೇರ, ಹುಡುಗಿ ಹಸಿದಾಳ. ನೀವೇ ತಿನಿಸ್ರಿ. ಇವತ್ತ ನೀವೇ ಅಕಿ ಅವ್ವ."

ಆಚೆ ದಡದಲ್ಲಿ ಗ್ರೇಸಿಯ ಅತ್ತೆ ಮನೆಯಿಂದ ಹೋಳಿಗೆ ತರಿಸಿದರು. ಆಕೆ ಮೊದಲ ತುತ್ತನ್ನು ನಮ್ಮ ಕಡೆ ಎತ್ತಿ ತೋರಿಸಿ, ಆಮೇಲೆ ಸೊಸೆಯ ಬಾಯಿಗಿಟ್ಟಳು. ಈಚೆ ದಡದಲ್ಲಿ ಅಕ್ಕನೂ ಬಾಯಿ ತೆರೆದಿದ್ದಳು! ನಾವು ಒಯ್ದ ಹೋಳಿಗೆಯನ್ನು ದಾರಿ ಕಾಯುತ್ತ ನಿಂತವರೆಲ್ಲ ತಿಂದರು.

ಈಗ ಅಕ್ಕನ ಪ್ರಾರ್ಥನೆಯಲ್ಲಿ ಕೊಹೀರೂ ಸೇರಿದೆ. ಮಳೆ ಬೇಡ ಅನ್ನುವಂತಿಲ್ಲ, ನಳಕ್ಕೆ ನೀರು ಬೇಕಲ್ಲ! ಆಸ್ಪತ್ರೆ ಇರುವುದು ಈಚೆ ದಡದಲ್ಲಿ. ಗ್ರೇಸಿಗೆ ನೋವು ಬರುವ ಆ ಒಂದು ದಿನ ನದಿ ಇಳಿದಿರಲಿ ಅಂತ ಬೇಡುತ್ತಾಳೆ.

ಮಳೆ ದೇವರ ಕೈಯಲ್ಲಿದೆ, ಒಪ್ಪಿದೆ. ಸೇತುವೆಯನ್ನೂ ಅವನೇ ಬಂದು ಕಟ್ಟಬೇಕೇನು?